ಬಿದ್ದು ಹತ್ತು ವರ್ಷವಾದ ಮೇಲೆ ಕೈಗೆ ಬಿಸಿ ತಿಳಿಯುತ್ತಿಲ್ಲ: ಇದು ಹಳೆಯ ಬೆನ್ನುಹುರಿ ಪೆಟ್ಟಿನ ಪರಿಣಾಮವೇ?

ಆಲ್ದೂರು ಮಳೆ
ಎಲ್ಲರಿಗೂ ನಮಸ್ಕಾರ. ನಾವು ಚಿಕ್ಕಮಗಳೂರು ತಾಲ್ಲೂಕಿನ ಆಲ್ದೂರು ಕಡೆಯವರು. ನಮ್ಮ ಮನೆಯವರು 2014ರ ಫೆಬ್ರವರಿಯಲ್ಲಿ ಮೆಣಸು ಕೊಯ್ಯುತ್ತಿದ್ದಾಗ, ಸಿಲ್ವರ್ ಓಕ್ ಮರಕ್ಕೆ ಆನಿಸಿದ್ದ ಬಿದಿರಿನ ಏಣಿ ಜಾರಿ ಕೆಳಗೆ ಬಿದ್ದರು. ಬೆನ್ನುಮೂಳೆಯ ಡಿ-5, ಅಂದರೆ ಎದೆಯ ಹಿಂಭಾಗದ ಐದನೆಯ ಮೂಳೆ, ಮುರಿದಿತ್ತು. ರಾಡು, ಸ್ಕ್ರೂ ಹಾಕಿ ಶಸ್ತ್ರಚಿಕಿತ್ಸೆ ಮಾಡಿದರು. ಆದರೆ ಎದೆಯಿಂದ ಕೆಳಗೆ ಸ್ವಾಧೀನ ಮರಳಿ ಬರಲಿಲ್ಲ. ಕೈಗಳು ಗಟ್ಟಿಯಾಗಿದ್ದುದರಿಂದ ಗಾಲಿಕುರ್ಚಿಯಲ್ಲಿ ಕುಳಿತೇ ಆಳುಗಳ ಹಾಜರಿ, ಕಣದ ಉಸ್ತುವಾರಿ, ಕಾಫಿ ಬೀಜ ಸಂಸ್ಕರಿಸುವ ಕ್ಯೂರಿಂಗಿನವರ ಜೊತೆ ಲೆಕ್ಕಪತ್ರ ಎಲ್ಲವನ್ನೂ ಅವರೇ ನೋಡಿಕೊಂಡು ಬಂದಿದ್ದಾರೆ. ಹೋದದ್ದು ಹೋಯಿತು, ಉಳಿದದ್ದು ಉಳಿಯಿತು ಎಂದು ನಾವು ಆ ವಿಷಯವನ್ನು ಅಲ್ಲಿಗೇ ಬಿಟ್ಟಿದ್ದೆವು.

ಕಳೆದ ದೀಪಾವಳಿಯ ನಂತರ ಒಂದು ದಿನ ಬೆಳಿಗ್ಗೆ ಕಾಫಿ ತುಂಬಿದ ಸ್ಟೀಲ್ ಲೋಟವನ್ನು ಎಡಗೈಯಲ್ಲಿ ಹಿಡಿದು ಪೇಪರ್ ಓದುತ್ತಾ ಕುಳಿತಿದ್ದರು. ನಾನು ನೋಡುವಾಗ ಬೆರಳುಗಳಲ್ಲಿ ಬೊಬ್ಬೆ ಎದ್ದಿತ್ತು. ಲೋಟ ಹಿಡಿದಿರುವುದು ತಿಳಿಯುತ್ತಿತ್ತು, ಸುಡುತ್ತಿದ್ದದ್ದು ಮಾತ್ರ ತಿಳಿಯಲಿಲ್ಲ ಎಂದರು. ಅದಾದ ಮೇಲೆ ಸೀನಿದರೆ, ಕೆಮ್ಮಿದರೆ ಕತ್ತಿನ ಹಿಂಭಾಗದಿಂದ ಎಡಭುಜಕ್ಕೆ ಚಳುಕು ಹೊಡೆಯುತ್ತದೆ ಎನ್ನುತ್ತಿದ್ದಾರೆ. ಇಲ್ಲಿ ತೋರಿಸಿದ ಒಬ್ಬ ವೈದ್ಯರು ಕತ್ತಿನ ಮೂಳೆ ಸವೆದಿದೆ ಎಂದು ಪಟ್ಟಿ ಹಾಗೂ ಬಿ-12 ಮಾತ್ರೆ ಕೊಟ್ಟರು. ಸಕ್ಕರೆ ಕಾಯಿಲೆ ಇಲ್ಲ, ಪರೀಕ್ಷೆ ಮಾಡಿಸಿದ್ದೇವೆ. ಅತ್ತೆಯವರು ಮೂಳೆ ವೈದ್ಯರ ಎಣ್ಣೆ ಹಾಕಿಸೋಣ ಎನ್ನುತ್ತಾರೆ. ನೆಂಟರೊಬ್ಬರು ನನ್ನನ್ನು ಅಡುಗೆಮನೆಗೆ ಕರೆದು, ದೊಡ್ಡ ರೋಗವೇನಾದರೂ ಇದ್ದೀತು, ಪರೀಕ್ಷೆ ಮಾಡಿಸು ಎಂದರು. ಅಂದು ರಾತ್ರಿ ನನಗೆ ನಿದ್ರೆ ಬರಲಿಲ್ಲ.

ನನ್ನ ಪ್ರಶ್ನೆ ಇಷ್ಟೇ: ಪೆಟ್ಟು ಬಿದ್ದದ್ದು ಬೆನ್ನಿಗೆ, ಕೈ ಚೆನ್ನಾಗಿಯೇ ಇತ್ತು. ಹತ್ತು ವರ್ಷ ಕಳೆದ ಮೇಲೆ ಆ ಪೆಟ್ಟು ಮೇಲಕ್ಕೆ ಹತ್ತಿ ಕೈಗೆ ಬರಲು ಸಾಧ್ಯವೇ?

ಬಾಣಾವರ ಬಸ್
ಸಾಧ್ಯ. ನಮ್ಮ ಊರಿನಲ್ಲಿ ಒಬ್ಬರಿಗೆ ಹೀಗೆಯೇ ಆಗಿತ್ತು. ತಡ ಮಾಡಬೇಡಿ ಅಕ್ಕ.

ಫಿಸಿಯೋ ಹಾಸನ
ಮೇಡಂ, ನಾನು ಹಾಸನದಲ್ಲಿ ಫಿಸಿಯೋಥೆರಪಿಸ್ಟ್. ರೋಗವನ್ನು ನಿರ್ಣಯಿಸುವುದು ನರರೋಗ ತಜ್ಞರ ಕೆಲಸ, ನನ್ನದಲ್ಲ. ಆದರೆ ನೀವು ಬರೆದಿರುವ ಒಂದು ವಾಕ್ಯ ನನ್ನನ್ನು ಎಚ್ಚರಿಸಿತು: ಹಿಡಿದದ್ದು ತಿಳಿಯುತ್ತಿತ್ತು, ಸುಟ್ಟದ್ದು ತಿಳಿಯಲಿಲ್ಲ.

ನೋವು ಮತ್ತು ಬಿಸಿ-ತಣ್ಣನೆಯ ಅರಿವನ್ನು ಒಯ್ಯುವ ನರತಂತುಗಳು ಬೆನ್ನುಹುರಿಯನ್ನು ಹೊಕ್ಕ ಮೇಲೆ ಅದರ ನಡುಭಾಗದಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟುತ್ತವೆ. ನವಿರಾದ ಸ್ಪರ್ಶದ ಅರಿವನ್ನು, ಕೈಕಾಲು ಎಲ್ಲಿದೆ ಎಂಬ ಅರಿವನ್ನು ಒಯ್ಯುವ ತಂತುಗಳು ಹಿಂಭಾಗದಲ್ಲಿ ನೇರವಾಗಿ ಮೇಲೇರುತ್ತವೆ. ಹುರಿಯ ಒಳಗೆ, ಸರಿಯಾಗಿ ನಡುವಿನಲ್ಲಿ ಏನಾದರೂ ಉಬ್ಬಿಕೊಂಡರೆ ಮೊದಲು ಕೆಡುವುದು ದಾಟುವ ತಂತುಗಳು. ಆಗ ಸ್ಪರ್ಶ ಉಳಿದು ಬಿಸಿಯ ಅರಿವು ಮಾತ್ರ ಹೋಗುತ್ತದೆ.

ಅಲ್ಲಿ ಉಬ್ಬುವುದು ಏನೆಂದರೆ, ಪೆಟ್ಟು ಬಿದ್ದ ಜಾಗದಲ್ಲಿ ಗಾಯದ ಕಲೆ ಕಟ್ಟಿ ಬೆನ್ನುಹುರಿಯು ತನ್ನ ಹೊದಿಕೆಗೆ ಅಂಟಿಕೊಳ್ಳುತ್ತದೆ. ಸುತ್ತಲೂ ಹರಿಯಬೇಕಾದ ದ್ರವಕ್ಕೆ ಅಲ್ಲಿ ಅಡ್ಡಿಯಾಗುತ್ತದೆ. ಕೆಮ್ಮಿದಾಗ, ತಿಣುಕಿದಾಗ ಒತ್ತಡ ಏರಿ, ಕೆಲವರಲ್ಲಿ ದ್ರವವು ಹುರಿಯೊಳಗೆ ಸೇರಿ ಟೊಳ್ಳು ಮಾಡುತ್ತದೆ. ಆ ಟೊಳ್ಳು ನಿಧಾನವಾಗಿ ಮೇಲಕ್ಕೋ ಕೆಳಕ್ಕೋ ಉದ್ದವಾಗುತ್ತಾ ಹೋಗುತ್ತದೆ. ಇದನ್ನು ಸಿರಿಂಕ್ಸ್ ಎನ್ನುತ್ತಾರೆ. ಗ್ರೀಕಿನಲ್ಲಿ ಆ ಪದಕ್ಕೆ ಕೊಳವೆ, ಕೊಳಲು ಎಂಬ ಅರ್ಥವಿದೆ. ಕಾಯಿಲೆಗೆ ಸಿರಿಂಗೋಮೈಲಿಯಾ ಎಂಬ ಹೆಸರು 1827ರಷ್ಟು ಹಳೆಯದು. ಪೆಟ್ಟಾದ ಕೆಲವೇ ತಿಂಗಳಿಗೆ ಬರಬಹುದು, ಇಪ್ಪತ್ತು ಮೂವತ್ತು ವರ್ಷಗಳ ನಂತರವೂ ಬರಬಹುದು. ಹಾಗಾಗಿ ಹತ್ತು ವರ್ಷ ಕಳೆದಿದೆ ಎಂಬುದು ಸಮಾಧಾನಕ್ಕೆ ಕಾರಣವಲ್ಲ.

ಕಳಸದ ಕಾಫಿಗಿಡ
ಫಿಸಿಯೋ ಅವರು ಚೆನ್ನಾಗಿ ವಿವರಿಸಿದ್ದಾರೆ, ಆದರೆ ಹೆದರಿಸುತ್ತಿದ್ದಾರೆ ಎಂದೂ ಅನಿಸುತ್ತದೆ. ನಮ್ಮ ಚಿಕ್ಕಪ್ಪ ಗಾಲಿಕುರ್ಚಿಯಲ್ಲಿರುವವರು. ಅವರಿಗೂ ಕೈ ಜೋಮು ಹಿಡಿದಾಗ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ನೇರವಾಗಿ ಎಂ.ಆರ್.ಐ. ಮಾಡಿಸಿದರು, ಏನೂ ಸಿಗಲಿಲ್ಲ. ಕೊನೆಗೆ ಅದು ಮಣಿಕಟ್ಟಿನಲ್ಲಿ ನರ ಒತ್ತಿಕೊಂಡ ತೊಂದರೆ ಎಂದು ತಿಳಿಯಿತು. ದಿನವಿಡೀ ಚಕ್ರ ತಳ್ಳುವವರಿಗೆ ಅದು ಸಾಮಾನ್ಯವಂತೆ. ಎಲ್ಲರ ಕೈ ನೋವಿಗೂ ಸ್ಕ್ಯಾನ್ ಮಾಡಿಸುತ್ತಾ ಹೋದರೆ ತೋಟ ಮಾರಬೇಕಾಗುತ್ತದೆ.

ಫಿಸಿಯೋ ಹಾಸನ
ನಿಮ್ಮ ಮಾತಿನಲ್ಲಿ ಅರ್ಧ ನಿಜವಿದೆ. ಗಾಲಿಕುರ್ಚಿ ಬಳಸುವವರಲ್ಲಿ ಮಣಿಕಟ್ಟಿನ ನರ, ಮೊಣಕೈ ನರ ಒತ್ತಿಕೊಳ್ಳುವುದು, ಭುಜದ ಸ್ನಾಯುರಜ್ಜುಗಳು ಸವೆಯುವುದು ಸಾಮಾನ್ಯ. ಸಿರಿಂಕ್ಸ್‌ನಿಂದ ತೊಂದರೆ ಅನುಭವಿಸುವವರು ನೂರಕ್ಕೆ ಕೆಲವರಷ್ಟೇ. ಆದರೆ ಲಕ್ಷಣಗಳು ಬೇರೆ. ಮಣಿಕಟ್ಟಿನ ತೊಂದರೆಯಲ್ಲಿ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿ ಜೋಮು ಇರುತ್ತದೆ, ರಾತ್ರಿ ಹೆಚ್ಚುತ್ತದೆ, ಕೈ ಒದರಿದರೆ ಕಡಿಮೆಯಾಗುತ್ತದೆ. ಸೀನಿದರೆ ಕತ್ತಿನಿಂದ ಭುಜಕ್ಕೆ ಚಳುಕು ಹೊಡೆಯುವುದಿಲ್ಲ. ನಿಮ್ಮ ಚಿಕ್ಕಪ್ಪನವರಿಗೆ ಸೀನಿದಾಗ ನೋವಿತ್ತೇ?

ಕಳಸದ ಕಾಫಿಗಿಡ
ಇರಲಿಲ್ಲ. ರಾತ್ರಿ ಕೈ ಒದರುತ್ತಿದ್ದದ್ದು ಹೌದು.

ಎರಡು ಗಾಲಿ
ನಾನು ಸಕಲೇಶಪುರದವನು. 2006ರಲ್ಲಿ ಶಿರಾಡಿ ಘಾಟಿಯಲ್ಲಿ ಬೈಕಿನಿಂದ ಬಿದ್ದು ಡಿ-8ಕ್ಕೆ ಪೆಟ್ಟಾಯಿತು. ಸಿರಿಂಕ್ಸ್ ಎಂದರೇನೆಂದು ಪುಸ್ತಕ ಓದಿ ತಿಳಿದವನಲ್ಲ, ನನ್ನ ಬೆನ್ನಿನೊಳಗೇ ಅದು ಇದೆ.

ನನಗೆ ಮೊದಲು ಬಂದದ್ದು ಬಲಭುಜದ ನೋವು. ಭುಜ ಬಿಗಿದಿದೆ ಎಂದು ಒಂದು ಆಸ್ಪತ್ರೆಯಲ್ಲಿ ಎರಡು ವರ್ಷ ಬಿಸಿ ಶಾಖ, ವ್ಯಾಯಾಮ, ಇಂಜೆಕ್ಷನ್ ಎಂದು ಓಡಾಡಿಸಿದರು. ನಾನೂ ಒಪ್ಪಿಕೊಂಡೆ, ಏಕೆಂದರೆ ಚಕ್ರ ತಳ್ಳುವವನಿಗೆ ಭುಜ ನೋಯುವುದು ಸಹಜವೆಂದು ನನಗೂ ಅನಿಸಿತ್ತು. ಅಷ್ಟರಲ್ಲಿ ಉಂಗುರದ ಬೆರಳು ಮತ್ತು ಕಿರುಬೆರಳಿನ ಬಲ ಹೋಯಿತು. ಅಂಗೈಯ ಮಾಂಸ ಇಂಗಿ ಗುಳಿ ಬಿದ್ದ ಮೇಲೆ ಬೆಂಗಳೂರಿಗೆ ಹೋದೆ. ಆಗ ಟೊಳ್ಳು ಪೆಟ್ಟಿನ ಜಾಗದಿಂದ ಕತ್ತಿನವರೆಗೆ ಏರಿತ್ತು. 2017ರಲ್ಲಿ ಹುರಿಯೊಳಗಿನ ದ್ರವ ಎದೆಗೂಡಿನೊಳಕ್ಕೆ ಇಳಿಯುವಂತೆ ಸಣ್ಣ ನಳಿಕೆ ಹಾಕಿದರು. ಒಂದೂಕಾಲು ವರ್ಷಕ್ಕೆ ಅದು ಕಟ್ಟಿಕೊಂಡು ಮತ್ತೊಮ್ಮೆ ಮಾಡಬೇಕಾಯಿತು. ಈಗ ನೋವು ಬಹಳ ಕಡಿಮೆ. ಬೆರಳೆರಡು ಮಾತ್ರ ಮರಳಿ ಬರಲಿಲ್ಲ.

ಅಕ್ಕಾ, ನನಗೆ ಕೊರಗು ಆ ಎರಡು ವರ್ಷಗಳದ್ದು. ಕಾಲಿಲ್ಲದವನಿಗೆ ಎರಡು ಬೆರಳು ಎಂದರೆ ಏನೆಂದು ನಡೆಯುವವರಿಗೆ ಹೇಳಿ ತಿಳಿಸುವುದು ಕಷ್ಟ. ಹಾಸಿಗೆಯಿಂದ ಕುರ್ಚಿಗೆ ಜಾರುವುದು, ಕೊಳವೆ ಹಾಕಿಕೊಂಡು ಮೂತ್ರ ತೆಗೆಯುವುದು, ಬ್ರೇಕ್ ಹಿಡಿಯುವುದು ಎಲ್ಲವೂ ಕೈಯ ಮೇಲೆಯೇ ನಿಂತಿದೆ.

ನಿವೃತ್ತ ಸಿಸ್ಟರ್, ಬೇಲೂರು
ತಂಗೀ, ನೆಂಟರು ಹೇಳಿದ ದೊಡ್ಡ ರೋಗದ ವಿಷಯ ಮೊದಲು ಹೇಳಿಬಿಡುತ್ತೇನೆ. ನೋವಿಲ್ಲದ ಸುಟ್ಟ ಗಾಯ ಕಂಡರೆ ಕುಷ್ಠವೇ ಎಂದು ನೋಡುವುದು ನಮ್ಮ ದೇಶದಲ್ಲಿ ತಪ್ಪಲ್ಲ; ಸಿರಿಂಗೋಮೈಲಿಯಾ ಮತ್ತು ಕುಷ್ಠ ಎರಡನ್ನೂ ಒಂದಕ್ಕೊಂದು ತಪ್ಪಾಗಿ ತಿಳಿಯುವುದು ಹಳೆಯ ಕಾಲದಿಂದಲೂ ಇದೆ. ಕುಷ್ಠದಲ್ಲಿ ಸಾಮಾನ್ಯವಾಗಿ ಚರ್ಮದ ಮೇಲೆ ಸ್ಪರ್ಶವಿಲ್ಲದ ಮಚ್ಚೆ ಇರುತ್ತದೆ, ಮೊಣಕೈಯ ಹತ್ತಿರ ನರ ದಪ್ಪವಾಗಿರುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೇ ನೋಡುತ್ತಾರೆ, ಔಷಧಿ ಉಚಿತ, ಪೂರ್ತಿ ಗುಣವಾಗುತ್ತದೆ. ಅಡುಗೆಮನೆಯಲ್ಲಿ ಪಿಸುಗುಟ್ಟಬೇಕಾದ ಕಾಯಿಲೆ ಅದಲ್ಲ.

ಇನ್ನೊಂದು ಮಾತು. ನಿಮ್ಮವರ ಪೆಟ್ಟು ಡಿ-5. ಡಿ-6 ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಿಗೆ ಆಟೋನಾಮಿಕ್ ಡಿಸ್‌ರಿಫ್ಲೆಕ್ಸಿಯಾ ಎಂಬ ಅಪಾಯವಿದೆ. ಇದ್ದಕ್ಕಿದ್ದಂತೆ ತಲೆ ಸಿಡಿಯುತ್ತದೆ, ಮುಖ ಕೆಂಪೇರಿ ಬೆವರುತ್ತದೆ, ರಕ್ತದೊತ್ತಡ ಏರುತ್ತದೆ. ಅಂತಹ ಸಮಯದಲ್ಲಿ ಮಲಗಿಸಬಾರದು. ನೇರವಾಗಿ ಕೂರಿಸಿ, ಕಾಲು ಇಳಿಬಿಟ್ಟು, ಬಿಗಿ ಬಟ್ಟೆ, ಬೆಲ್ಟು ಸಡಿಲಿಸಿ, ಮೂತ್ರಕೋಶ ತುಂಬಿದೆಯೇ, ಕೊಳವೆ ಕಟ್ಟಿದೆಯೇ ಎಂದು ಮೊದಲು ನೋಡಬೇಕು. ಅದಲ್ಲವಾದರೆ ಮಲಬದ್ಧತೆ, ಒತ್ತುಹುಣ್ಣು, ಒಳಗೆ ಬೆಳೆದ ಕಾಲುಗುರು. ಇಳಿಯದಿದ್ದರೆ ಕೂಡಲೇ ಆಸ್ಪತ್ರೆ, ಏಕೆಂದರೆ ಮೆದುಳಿನಲ್ಲಿ ರಕ್ತಸ್ರಾವವಾಗುವ ಭಯವಿದೆ. ಬೆನ್ನುಹುರಿಗೆ ಇಷ್ಟು ಮೇಲೆ ಪೆಟ್ಟಾದ ಹಲವರ ಮಾಮೂಲಿ ಒತ್ತಡವೇ (ಮೇಲಿನ ಅಂಕಿ) 90, 100 ಇರುತ್ತದೆ. ಅಂತಹವರಿಗೆ 140 ಎಂದರೆ ಬಹಳ ಹೆಚ್ಚು. ಕ್ಲಿನಿಕ್ಕಿನಲ್ಲಿ 140 ನೋಡಿ ಪರವಾಗಿಲ್ಲ ಎಂದು ಕಳುಹಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಿಮ್ಮವರ ಮಾಮೂಲಿ ಒತ್ತಡ ಎಷ್ಟೆಂದು ಒಂದು ಚೀಟಿಯಲ್ಲಿ ಬರೆದು ಕುರ್ಚಿಯ ಚೀಲದಲ್ಲಿ ಇಡಿ.

ಬಾಣಾವರ ಬಸ್
ಹಾಗಾದರೆ ಇವರಿಗಿರುವುದು ಇದೇ ಇರಬೇಕು, ಸಿರಿಂಕ್ಸ್ ಅಲ್ಲ.

ನಿವೃತ್ತ ಸಿಸ್ಟರ್, ಬೇಲೂರು
ಅಲ್ಲಪ್ಪ. ಅದು ಗಳಿಗೆಯಲ್ಲಿ ಬಂದು, ಕಾರಣ ತೆಗೆದರೆ ಇಳಿಯುವ ತೊಂದರೆ. ಕೈಯ ಬಿಸಿಯ ಅರಿವು ತಿಂಗಳುಗಟ್ಟಲೆ ಇಲ್ಲದಿರುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಡಿ-5 ಎಂದು ಕಂಡದ್ದರಿಂದ ಹೇಳಿದೆ, ಅಷ್ಟೇ. ತಂಗೀ, ಅವರ ಮುಖದಲ್ಲಿ ಏನಾದರೂ ಬದಲಾವಣೆ ಇದೆಯೇ? ಕಣ್ಣುರೆಪ್ಪೆ, ಬೆವರು?

ಆಲ್ದೂರು ಮಳೆ
ಸಿಸ್ಟರ್, ನೀವು ಕೇಳಿದ ಮೇಲೆ ಎರಡು ವರ್ಷದ ಹಿಂದಿನ ಗೃಹಪ್ರವೇಶದ ಫೋಟೋ ತೆಗೆದು ಹೋಲಿಸಿ ನೋಡಿದೆ. ಎಡಗಣ್ಣಿನ ರೆಪ್ಪೆ ಈಗ ಕೊಂಚ ಇಳಿದಿದೆ. ದಿನವೂ ಎದುರಿಗೇ ಇರುವವರ ಮುಖದಲ್ಲಿ ಇಂಥದ್ದು ಕಾಣುವುದೇ ಇಲ್ಲ. ಬಿಸಿಲಿನಲ್ಲಿ ಕಣದಲ್ಲಿ ಕುಳಿತಾಗ ಮುಖದ ಬಲಭಾಗ ಬೆವರುತ್ತದೆ, ಎಡಭಾಗ ಒಣಗಿರುತ್ತದೆ ಎಂದು ಅವರು ಈಗ ಹೇಳುತ್ತಿದ್ದಾರೆ. ಇದನ್ನು ಮೊದಲೇ ಏಕೆ ಹೇಳಲಿಲ್ಲ ಎಂದು ಕೇಳಿದರೆ, ಇದೂ ಒಂದು ಹೇಳುವ ವಿಷಯವೇ ಎನ್ನುತ್ತಾರೆ.

ಫಿಸಿಯೋ ಹಾಸನ
ಇದು ಮುಖ್ಯ. ಮುಖದ ಆ ಭಾಗದ ಬೆವರು, ರೆಪ್ಪೆ, ಕಣ್ಣಿನ ಪಾಪೆ ಇವುಗಳನ್ನು ನಿಯಂತ್ರಿಸುವ ನರಗಳು ಕತ್ತು ಮತ್ತು ಎದೆ ಸೇರುವ ಮಟ್ಟದಲ್ಲಿ ಬೆನ್ನುಹುರಿಯಿಂದ ಹೊರಡುತ್ತವೆ. ಬರೀ ಮೂಳೆ ಸವೆತ ಎಂದು ಸುಮ್ಮನಿರುವ ಹಂತ ದಾಟಿದೆ. ಕತ್ತಿಗೆ ಎಣ್ಣೆ ಹಾಕಿ ತಿರುಚಿಸುವ, ಎಳೆಸುವ ಕೆಲಸ ಮಾತ್ರ ಯಾರಿಂದಲೂ ಮಾಡಿಸಬೇಡಿ. ಅತ್ತೆಯವರ ಮನಸ್ಸು ನೋಯದಂತೆ ಹೇಗಾದರೂ ಹೇಳಿ.

ತಜ್ಞರ ಭೇಟಿಗೆ ಮುನ್ನ ಮನೆಯಲ್ಲಿ ಒಂದು ಕೆಲಸ ಮಾಡಬಹುದು. ಒಂದು ಸ್ಟೀಲ್ ಚಮಚವನ್ನು ತಣ್ಣೀರಿನಲ್ಲಿ, ಇನ್ನೊಂದನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಅವರ ಕಣ್ಣು ಮುಚ್ಚಿಸಿ ಬೆರಳಿನಿಂದ ಭುಜದವರೆಗೆ ಮುಟ್ಟಿಸುತ್ತಾ ಹೋಗಿ. ಎಲ್ಲಿಂದ ವ್ಯತ್ಯಾಸ ತಿಳಿಯುತ್ತದೆಯೋ ಅಲ್ಲಿ ಪೆನ್ನಿನಿಂದ ಗೆರೆ ಎಳೆದು, ದಿನಾಂಕ ಕಾಣುವಂತೆ ಫೋಟೋ ತೆಗೆದಿಡಿ. ಬಿಸಿನೀರು ಖಂಡಿತ ಬೇಡ. ಎರಡು ವಾರ ಬಿಟ್ಟು ಮತ್ತೆ ಮಾಡಿ. ಗೆರೆ ಮೇಲೆ ಹೋಗಿದೆಯೇ ಎಂಬುದು ವೈದ್ಯರಿಗೆ ಬಹಳ ಉಪಯೋಗಕ್ಕೆ ಬರುತ್ತದೆ.

ಕಳಸದ ಕಾಫಿಗಿಡ
ಸರಿ, ಸ್ಕ್ಯಾನ್ ಬೇಕೆಂದು ಒಪ್ಪುತ್ತೇನೆ. ಆದರೆ ಬೆನ್ನಿನಲ್ಲಿ ರಾಡು ಇದೆಯಲ್ಲ ಮಾರಾಯ್ರೇ, ಎಂ.ಆರ್.ಐ. ಯಂತ್ರವು ಕಬ್ಬಿಣವನ್ನು ಸೆಳೆಯುತ್ತದೆ ಎನ್ನುತ್ತಾರೆ. ಅದಕ್ಕೇನು ಮಾಡುತ್ತೀರಿ?

ಸ್ಕ್ಯಾನ್ ರೂಮು
ಚಿಕ್ಕಮಗಳೂರಿನಲ್ಲಿ ಸ್ಕ್ಯಾನಿಂಗ್ ಕೆಲಸ ಮಾಡುವವನು ಹೇಳುತ್ತಿದ್ದೇನೆ. ಈಗ ಬೆನ್ನುಮೂಳೆಗೆ ಹಾಕುವ ರಾಡು, ಸ್ಕ್ರೂಗಳು ಹೆಚ್ಚಾಗಿ ಟೈಟಾನಿಯಂನವು, ಅವನ್ನು ಯಂತ್ರ ಸೆಳೆಯುವುದಿಲ್ಲ. ಆದರೂ ಶಸ್ತ್ರಚಿಕಿತ್ಸೆಯ ಡಿಸ್ಚಾರ್ಜ್ ಕಾಗದ ತನ್ನಿ, ಏನು ಹಾಕಿದ್ದಾರೆಂದು ನಾವು ಓದಿಯೇ ಒಳಗೆ ಬಿಡುವುದು. ಲೋಹವಿರುವ ಜಾಗದ ಸುತ್ತ ಚಿತ್ರ ಕೊಂಚ ಮಸುಕಾಗುತ್ತದೆ. ಅದರ ಮೇಲಿನ, ಕೆಳಗಿನ ಭಾಗ ಚೆನ್ನಾಗಿ ಬರುತ್ತದೆ. ಲೋಹದ ಕುರ್ಚಿ ಮಾತ್ರ ಒಳಗೆ ಬರುವಂತಿಲ್ಲ, ನಾವೇ ಎತ್ತಿ ಮಲಗಿಸುತ್ತೇವೆ.

ಜನ ತಪ್ಪುವುದು ಬೇರೆ ಕಡೆ. ಕೈ ನೋವು ಎಂದು ಚೀಟಿಯಲ್ಲಿ ಕತ್ತಿನ ಭಾಗ ಮಾತ್ರ ಬರೆಸಿಕೊಂಡು ಬರುತ್ತಾರೆ. ಹಳೆಯ ಪೆಟ್ಟಿನ ವಿಷಯ ಯಾರೂ ಬರೆದಿರುವುದಿಲ್ಲ. ಇಂತಹ ಸಂದರ್ಭದಲ್ಲಿ ಇಡೀ ಬೆನ್ನುಹುರಿಯನ್ನು ನೋಡಬೇಕಾಗುತ್ತದೆ. 2014ರಲ್ಲಿ ಡಿ-5ಕ್ಕೆ ಪೆಟ್ಟಾಗಿದೆ, ಈಗ ಕೈಯಲ್ಲಿ ಹೊಸ ಲಕ್ಷಣ ಬಂದಿದೆ ಎಂಬ ಎರಡು ಸಾಲನ್ನು ವೈದ್ಯರ ಕೈಯಲ್ಲಿ ಚೀಟಿಯ ಮೇಲೆ ಬರೆಸಿಕೊಳ್ಳಿ. ಹಳೆಯ ಫಿಲಂ ಇದ್ದರೆ ಅದನ್ನೂ ತನ್ನಿ; ಅಟ್ಟದ ಮೇಲೆ ಗೆದ್ದಲು ಹಿಡಿದಿದ್ದರೂ ಪರವಾಗಿಲ್ಲ, ಹೋಲಿಸಲು ಬೇಕಾಗುತ್ತದೆ.

ಬಾಣಾವರ ಬಸ್
ಇದಕ್ಕೆಲ್ಲ ಮೂಲ ಆ ಬಿದಿರಿನ ಏಣಿ. ಅಲ್ಯೂಮಿನಿಯಂ ಏಣಿ ಬಳಸಬಾರದೇ?

ಕಳಸದ ಕಾಫಿಗಿಡ
ಅಲ್ಯೂಮಿನಿಯಂ ಏಣಿ ತೋಟದ ಮೇಲೆ ಹಾದು ಹೋಗುವ ವಿದ್ಯುತ್ ತಂತಿಗೆ ತಾಗಿ ಸತ್ತವರು ಎಷ್ಟು ಮಂದಿ ಗೊತ್ತೇ? ಬಿದಿರಾದರೂ ಬುಡದಲ್ಲಿ ಒಬ್ಬರು ಹಿಡಿದು, ತುದಿಯನ್ನು ಮರಕ್ಕೆ ಹಗ್ಗದಿಂದ ಕಟ್ಟಿ, ಸೊಂಟಕ್ಕೂ ಒಂದು ಬೆಲ್ಟ್ ಇದ್ದರೆ ಸಾಕು. ನಮ್ಮಲ್ಲಿ ಆಳಿನ ಅಭಾವ, ಹಿಡಿಯುವವನೂ ಮೆಣಸು ಆರಿಸಲು ಹೋಗಿರುತ್ತಾನೆ. ಮರಗಸಿ (ನೆರಳು ಮರದ ಕೊಂಬೆ ಸವರುವ ಕೆಲಸ) ಮಾಡುವವರ ಕಥೆಯಂತೂ ಇನ್ನೂ ಕಷ್ಟ.

ನಿರ್ವಾಹಕ
ಏಣಿಯ ಚರ್ಚೆಗೆ ಬೇರೆ ಎಳೆ ತೆರೆಯಿರಿ, ಇಲ್ಲಿ ಬೇಡ.

ಆಲ್ದೂರು ಮಳೆ
ಖರ್ಚಿನ ಬಗ್ಗೆ ಕೇಳಲು ಸಂಕೋಚವಾಗುತ್ತದೆ, ಆದರೂ ಕೇಳುತ್ತೇನೆ. ನಮ್ಮದು ಬಿ.ಪಿ.ಎಲ್. ಕಾರ್ಡು. ಶಸ್ತ್ರಚಿಕಿತ್ಸೆ ಎಂದಾದರೆ ಯಾವ ದಾರಿ ಹಿಡಿಯಬೇಕು?

ಎರಡು ಗಾಲಿ
ಸಂಕೋಚ ಬೇಡ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸೌಲಭ್ಯವಿದೆ. ತುರ್ತು ಅಲ್ಲದ ದೊಡ್ಡ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಬೇಕಾಗುತ್ತದೆ, ಹಾಗಾಗಿ ಜಿಲ್ಲಾ ಆಸ್ಪತ್ರೆಯಲ್ಲಿ ತೋರಿಸಿಯೇ ಮುಂದಕ್ಕೆ ಹೋಗಿ. ಬೆಂಗಳೂರಿನಲ್ಲಿ ಮೆದುಳು, ನರರೋಗಗಳ ಸರ್ಕಾರಿ ಆಸ್ಪತ್ರೆ ನಿಮ್ಹಾನ್ಸ್ ಇದೆ, ಬಿ.ಪಿ.ಎಲ್. ಕಾರ್ಡಿನ ಮೂಲ ಪ್ರತಿಯನ್ನೇ ಒಯ್ಯಿರಿ, ನಕಲು ಸಾಲದು. ಕೈಯಲ್ಲಿಯೂ ಬಲ ಹೋದರೆ ಅಂಗವೈಕಲ್ಯದ ಪ್ರಮಾಣವನ್ನು ಮರುಪರಿಶೀಲಿಸಿ ಹೊಸ ಪ್ರಮಾಣಪತ್ರ ಕೊಡಲು ಅವಕಾಶವಿದೆ, ಅದನ್ನು ಆಮೇಲೆ ನೋಡೋಣ.

ಪುನಶ್ಚೇತನಕ್ಕೆ ನಾನು ವೆಲ್ಲೂರಿನ ಸಿ.ಎಂ.ಸಿ. ಆಸ್ಪತ್ರೆಗೂ ಹೋಗಿ ಬಂದವನು. ಅಲ್ಲಿ ಪುನಶ್ಚೇತನ ವಿಭಾಗವನ್ನು ಕಟ್ಟಿದ ಡಾ. ಮೇರಿ ವರ್ಗೀಸ್ ಅವರೇ 1954ರ ರಸ್ತೆ ಅಪಘಾತದಲ್ಲಿ ಕಾಲುಗಳ ಸ್ವಾಧೀನ ಕಳೆದುಕೊಂಡು, ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದವರು. ಸಿಸ್ಟರ್ ಕುಷ್ಠದ ಮಾತು ಎತ್ತಿದಾಗ ನೆನಪಾಯಿತು.

ಆಲ್ದೂರು ಮಳೆ
*(ಐದು ವಾರಗಳ ನಂತರ)*
ಎಲ್ಲರಿಗೂ ವಿಷಯ ತಿಳಿಸುವುದು ತಡವಾಯಿತು, ಕ್ಷಮಿಸಿ. ಕುಷ್ಠವಲ್ಲ ಎಂದು ಇಲ್ಲಿಯೇ ಪರೀಕ್ಷಿಸಿ ಹೇಳಿದರು. ಇಡೀ ಬೆನ್ನುಹುರಿಯ ಎಂ.ಆರ್.ಐ. ಆಯಿತು. ಪೆಟ್ಟಿನ ಜಾಗದಿಂದ ಕತ್ತಿನ ಐದನೆಯ ಮೂಳೆ ಸಿ-5ರವರೆಗೆ ಟೊಳ್ಳು ಇದೆ. ಚಿತ್ರದಲ್ಲಿ ಬೂದು ಹುರಿಯ ನಡುವೆ ಬಿಳಿ ದಾರದಂತೆ ಕಾಣುತ್ತಿತ್ತು. ಚಮಚದ ಗೆರೆ ಎರಡು ವಾರದಲ್ಲಿ ಮಣಿಕಟ್ಟಿನಿಂದ ಮೊಣಕೈ ಹತ್ತಿರಕ್ಕೆ ಬಂದಿತ್ತು. ನರ ಶಸ್ತ್ರವೈದ್ಯರು ಆ ಎರಡು ಫೋಟೋಗಳನ್ನು ಸ್ಕ್ಯಾನಿಗಿಂತ ಹೆಚ್ಚು ಹೊತ್ತು ನೋಡಿದರು. ಟೊಳ್ಳು ಸುಮ್ಮನಿದ್ದಿದ್ದರೆ ಆಗಾಗ ಸ್ಕ್ಯಾನ್ ಮಾಡುತ್ತಾ ಕಾಯಬಹುದಿತ್ತು, ಏರುತ್ತಿರುವುದರಿಂದ ಕಾಯುವುದು ಬೇಡ ಎಂದರು.

ಮೊದಲು ನಳಿಕೆ ಹಾಕುವುದಿಲ್ಲವಂತೆ. ಅಂಟಿಕೊಂಡ ಜಾಗವನ್ನು ಬಿಡಿಸಿ, ಹೊದಿಕೆಗೆ ತೇಪೆ ಹಾಕಿ ಅಗಲ ಮಾಡಿ, ದ್ರವ ಹರಿಯಲು ದಾರಿ ಮಾಡುತ್ತಾರಂತೆ. ಆಪರೇಷನ್ ಇರುವುದು ಉಳಿದದ್ದನ್ನು ಉಳಿಸಿಕೊಳ್ಳಲು, ಹೋದದ್ದು ಬರುತ್ತದೆಂದು ನಾನು ಮಾತು ಕೊಡುವುದಿಲ್ಲ ಎಂದು ವೈದ್ಯರು ಸ್ಪಷ್ಟವಾಗಿ ಹೇಳಿದರು. ನಮ್ಮವರು ಕೂಡಲೇ ಒಪ್ಪಿದರು. ಎರಡು ಗಾಲಿ ಅವರ ಬೆರಳಿನ ವಿಷಯವನ್ನು ನಾನು ಓದಿ ಹೇಳಿದ್ದೆ.

ಕಳಸದ ಕಾಫಿಗಿಡ
ನಾನು ಮೊದಲ ದಿನ ಬರೆದ ಸ್ಕ್ಯಾನಿನ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ ಅಕ್ಕ. ಚಿಕ್ಕಪ್ಪನವರ ಸಂಗತಿಯೇ ಬೇರೆ ಎಂಬುದನ್ನು ಮಾತ್ರ ಹಿಂತೆಗೆದುಕೊಳ್ಳುವುದಿಲ್ಲ.

ಎರಡು ಗಾಲಿ
ಆಪರೇಷನ್ ಆಗುವವರೆಗೆ ಭಾರ ಎತ್ತಿಸಬೇಡಿ, ಮಲಬದ್ಧತೆಗೆ ಬಿಡಬೇಡಿ, ತಿಣುಕುವಂತಾಗಬಾರದು. ಎಡಗೈಗೆ ಬಿಸಿ ಪಾತ್ರೆ ಕೊಡಲೇಬೇಡಿ. ನಾನು ಹಿಡಿಯಿರುವ ಪ್ಲಾಸ್ಟಿಕ್ ಕಪ್ ಇಟ್ಟುಕೊಂಡಿದ್ದೇನೆ, ಸ್ನಾನದ ನೀರನ್ನು ಮನೆಯಾಕೆ ಮುಟ್ಟಿ ನೋಡಿದ ಮೇಲೆಯೇ ಹಾಕಿಕೊಳ್ಳುತ್ತೇನೆ.

ನಿವೃತ್ತ ಸಿಸ್ಟರ್, ಬೇಲೂರು
ಆಸ್ಪತ್ರೆಯಲ್ಲಿ ಮಲಗಿರುವಾಗ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲು ನೀವೇ ನೆನಪಿಸಿ. ರಾತ್ರಿ ಪಾಳಿಯವರಿಗೆ ಕೆಲಸ ಹೆಚ್ಚಿರುತ್ತದೆ, ನಾನೂ ಆ ಪಾಳಿ ಮಾಡಿದವಳೇ.

ಆಲ್ದೂರು ಮಳೆ
*(ಮೂರು ತಿಂಗಳ ನಂತರ)*
ಮನೆಗೆ ಬಂದು ಒಂಬತ್ತು ವಾರವಾಯಿತು. ಸೀನಿದರೆ ಬರುತ್ತಿದ್ದ ಚಳುಕು ನಿಂತಿದೆ. ಹಿಡಿತ ಕಡಿಮೆಯಾಗಿಲ್ಲ, ಕೊಂಚ ಹೆಚ್ಚಿದೆ ಎಂದೇ ಅವರು ಹೇಳುತ್ತಾರೆ, ನನಗೆ ಅಷ್ಟು ಕಾಣುವುದಿಲ್ಲ. ಚಮಚದ ಗೆರೆ ಮೊಣಕೈ ಹತ್ತಿರವೇ ನಿಂತಿದೆ, ಮೇಲಕ್ಕೂ ಹೋಗಿಲ್ಲ, ಕೆಳಗೂ ಇಳಿದಿಲ್ಲ. ಆರು ತಿಂಗಳಿಗೆ ಮತ್ತೆ ಸ್ಕ್ಯಾನ್ ಎಂದಿದ್ದಾರೆ. ಕಾಫಿ ಲೋಟ ಈಗ ಬಲಗೈಗೆ ಬಂದಿದೆ, ಪೇಪರ್ ಎಡಗೈಗೆ ಹೋಗಿದೆ. ಪುಟ ತಿರುಗಿಸಲು ತಡವಾಗುತ್ತದೆ ಎಂದು ಬೆಳಿಗ್ಗೆ ಬೆಳಿಗ್ಗೆ ಗೊಣಗುತ್ತಾರೆ.